ರಿಕ್ವೆಸ್ಟ್ ಸ್ಕೋಪ್

ವೆಬ್ ತಂತ್ರಾಂಶದಲ್ಲಿ ಒಂದೇ ಕೋರಿಕೆ ಮುಗಿಯುವವರೆಗೆ ಮಾತ್ರ ಉಳಿಯುವ ತಾತ್ಕಾಲಿಕ ದತ್ತಾಂಶ ಸಂಗ್ರಹ. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಕಂದಾಯ ಇಲಾಖೆಯ ‘ಭೂಮಿ’ಯಂಥ ಸೇವೆಯನ್ನು ಉದಾಹರಣೆಗೆ ನೋಡಬಹುದು. ಗುಂಡ್ಲುಪೇಟೆ ತಾಲ್ಲೂಕಿನ ರೈತರೊಬ್ಬರು ಜಿಲ್ಲೆ ಚಾಮರಾಜನಗರ, ಹೋಬಳಿ ತೆರಕಣಾಂಬಿ, ಗ್ರಾಮ, ಸರ್ವೆ ನಂಬರ್ ಆರಿಸಿ ಗುಂಡಿ ಒತ್ತಿದೊಡನೆ ಸರ್ವರ್‌ಗೆ ಒಂದು ಕೋರಿಕೆ ಹೋಗುತ್ತದೆ. ಪರಿಶೀಲನೆ, ಹುಡುಕಾಟ, ಪುಟ ರಚನೆ ಸಾಮಾನ್ಯವಾಗಿ ಬೇರೆ ಬೇರೆ ಹಂತಗಳು. ಒಂದು ಹಂತ ಕಂಡುಕೊಂಡದ್ದನ್ನು ಮುಂದಿನದು ಮತ್ತೆ ಡೇಟಾಬೇಸಿಗೆ ಹೋಗಿ ಕೇಳಬೇಕಾಗದಂತೆ ಈ ಸಂಗ್ರಹದಲ್ಲಿ ಇಟ್ಟಿರುತ್ತಾರೆ. ಉತ್ತರ ಹೊರಟ ಮೇಲೆ ಅದು ಇಲ್ಲವಾಗುತ್ತದೆ.

ಜಾವಾ ಸರ್ವ್‌ಲೆಟ್‌ನಲ್ಲಿ ಇದಕ್ಕೆ ‘ರಿಕ್ವೆಸ್ಟ್ ಆಟ್ರಿಬ್ಯೂಟ್’, ಎಎಸ್‌ಪಿ ಡಾಟ್ ನೆಟ್‌ನಲ್ಲಿ ‘ಎಚ್‌ಟಿಟಿಪಿ ಕಾಂಟೆಕ್ಸ್ಟ್ ಐಟಮ್ಸ್’, ಪೈಥಾನಿನ ಫ್ಲಾಸ್ಕ್‌ನಲ್ಲಿ ಬರೀ ‘ಜಿ’. ಸೆಷನ್ ಬೇರೆ: ಲಾಗಿನ್‌ನಂಥ ಮಾಹಿತಿಯನ್ನು ಅದು ಹಲವು ಕೋರಿಕೆಗಳುದ್ದಕ್ಕೂ ಕಾಯ್ದಿಡುತ್ತದೆ.

ಸುಲಭವೆಂದು ಗ್ಲೋಬಲ್ ವೇರಿಯಬಲ್ ಬಳಸುವುದು ಅಪಾಯ. ಒಂದೇ ಕ್ಷಣದಲ್ಲಿ ಇಬ್ಬರು ಕೇಳಿದರೆ ಬೇಗೂರಿನವರ ಪಹಣಿ ಹಂಗಳದವರ ಪರದೆಯಲ್ಲಿ ಮೂಡೀತು. ಥ್ರೆಡ್‌ಗಳನ್ನು ಮರುಬಳಸುವ ಸರ್ವರ್‌ಗಳಲ್ಲಿ ಥ್ರೆಡ್-ಲೋಕಲ್ ಸಂಗ್ರಹವನ್ನು ಕೊನೆಯಲ್ಲಿ ಖಾಲಿ ಮಾಡದಿದ್ದರೂ ಹೀಗೇ ಆಗಬಹುದು. ಆ ದೋಷ ಪರೀಕ್ಷೆಯಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ, ಜನಸಂದಣಿಯ ಹೊತ್ತಿನಲ್ಲೇ ತಲೆ ಎತ್ತುತ್ತದೆ.