ಕೆಸುವಿನೆಲೆ, ಕುರಿಯುಣ್ಣೆ ಮತ್ತು ಎಣ್ಣೆ ಸೋಸುವ ಜರಡಿ

ಪತ್ರೊಡೆಗೆಂದು ಕೆಸುವಿನೆಲೆ ತೊಳೆದವರಿಗೆಲ್ಲ ಗೊತ್ತು, ಎಷ್ಟು ನೀರು ಸುರಿದರೂ ಎಲೆ ಒದ್ದೆಯಾಗೋದಿಲ್ಲ. ಮುತ್ತಾಗಿ ಉರುಳಿ ಹೋಗುತ್ತೆ. ಅದೇ ಎಲೆಗೆ ಒಂದು ತೊಟ್ಟು ಎಣ್ಣೆ ಬಿಡಿ, ಹರಡಿಕೊಂಡುಬಿಡುತ್ತೆ. ಈ ಗುಣವನ್ನು ತಂತಿಯ ಜರಡಿಗೆ ಕೊಟ್ಟರೆ? ಎಣ್ಣೆ ಕೆಳಗಿಳಿಯುತ್ತೆ, ನೀರು ಮೇಲೇ ನಿಲ್ಲುತ್ತೆ.

ಈ ಜರಡಿಯ ಕಥೆಯನ್ನು ಸಾಮಾನ್ಯವಾಗಿ ಕಮಲದೆಲೆಯಿಂದ ಶುರುಮಾಡುತ್ತಾರೆ. ಆ ಎಲೆಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಸೇರಿ ನೀರನ್ನು ದೂರವಿಡುತ್ತವೆ, ಉರುಳುವ ಹನಿ ಕೊಳೆಯನ್ನೂ ಹೊತ್ತೊಯ್ಯುತ್ತೆ ಅಂತ 1997ರಲ್ಲಿ ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ ವಿವರಿಸಿದರು. ನಿಜ. ಆದರೆ ನನ್ನ ಪ್ರಕಾರ ಜರಡಿಯ ಅಸಲಿ ಮುತ್ತಜ್ಜ ಇರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, 1944ರಲ್ಲಿ.

ಅಲ್ಲಿನ ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್‌ಗೆ ಎಣ್ಣೆಯ ಚಿಂತೆಯೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ನೀರು ಹಿಡಿಯದ ಬಟ್ಟೆ. ಬಾತುಕೋಳಿಯ ಗರಿ ಯಾಕೆ ನೆನೆಯೋದಿಲ್ಲ ಅಂತ ತಲೆಕೆಡಿಸಿಕೊಂಡವರು ಅವರು. ನೂಲಿನ ಬದಲು ಲೋಹದ ತಂತಿಗಳನ್ನು ಸಾಲಾಗಿ ಜೋಡಿಸಿ, ಮೇಣ ಲೇಪಿಸಿ, ಮೇಲೆ ನೀರಿನ ಹನಿಯಿಟ್ಟು ಕೋನ ಅಳೆದರು. ತಂತಿಗಳ ನಡುವಿನ ಗಾಳಿಯೂ ಹನಿಯನ್ನು ಹೊತ್ತಿರುತ್ತೆ ಅನ್ನೋದು ಅವರ ಲೆಕ್ಕ. ಇವತ್ತಿಗೂ ಈ ವಿಷಯದ ಪ್ರಬಂಧಗಳಲ್ಲಿ ಆ ಸಮೀಕರಣ ಕಾಣಿಸುತ್ತೆ. ಮೇಣ ಬಳಿದ ತಂತಿ, ಯೋಚಿಸಿ ನೋಡಿ!

ಮೇಣಕ್ಕಿಂತ ಗಟ್ಟಿ ಲೇಪನ ಆಗಲೇ ಹುಟ್ಟಿತ್ತು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಅನಿಲ ಹೊರಬಾರದ ಸಿಲಿಂಡರನ್ನು ಕೊಯ್ದು ನೋಡಿದಾಗ ಸಿಕ್ಕ ಬಿಳಿ ಪುಡಿ, ಅಂದರೆ ನಮ್ಮ ದೋಸೆ ತವಾದ ಟೆಫ್ಲಾನ್. ತಂತಿಯೂ ಟೆಫ್ಲಾನೂ ಈ ಕೆಲಸಕ್ಕೆ ಜೊತೆಯಾಗಿದ್ದು 2004ರಲ್ಲಿ. ಚೀನಾದ ಜಿಯಾಂಗ್ ಲೇ ತಂಡ ಸ್ಟೀಲ್ ಜಾಲರಿಗೆ ಟೆಫ್ಲಾನ್ ಸಿಂಪಡಿಸಿ ಕಾಯಿಸಿತು. ನೀರಿನ ಹನಿ 150 ಡಿಗ್ರಿಗೂ ಹೆಚ್ಚಿನ ಕೋನದಲ್ಲಿ ಉಂಡೆಯಾಗಿ ನಿಂತಿತು, ಡೀಸೆಲ್ ಸಲೀಸಾಗಿ ಇಳಿದುಹೋಯಿತು.

ಒಂದೇ ತಕರಾರು. ಎಣ್ಣೆ ನೀರಿಗಿಂತ ಹಗುರ ಅಲ್ಲವೇ? ಎರಡನ್ನೂ ಸುರಿದರೆ ಭಾರದ ನೀರು ಜರಡಿಯ ಮೇಲೆ ಕೂತು ದಾರಿ ಕಟ್ಟುತ್ತೆ, ಎಣ್ಣೆ ಮೇಲೆಯೇ ತೇಲುತ್ತೆ. ಜೊತೆಗೆ ಎಣ್ಣೆಯ ಜಿಡ್ಡು ಕಣ್ಣುಗಳಿಗೆ ಅಂಟಿಕೊಳ್ಳುತ್ತೆ. ಮಜಾ ಅಂದರೆ 2011ರಲ್ಲಿ ಅದೇ ಜಿಯಾಂಗ್ ಲೇ ತಂಡ ತನ್ನ ಐಡಿಯಾವನ್ನೇ ತಿರುಗಿಸಿ ಹಾಕಿತು. ಈ ಸಲ ಗುರು ಕಮಲವಲ್ಲ, ಮೀನಿನ ಹುರುಪೆ. ಜಾಲರಿಗೆ ನೀರು ಹೀರುವ ಜೆಲ್ ಬಳಿದರು. ಒದ್ದೆಯಾದ ಜೆಲ್‌ಗೆ ಎಣ್ಣೆ ಅಂಟೋದಿಲ್ಲ, ನೀರು ಇಳಿಯುತ್ತೆ, ಎಣ್ಣೆ ಮೇಲುಳಿಯುತ್ತೆ.

ಹಾಗಂತ ಹಳೆಯದು ಮೂಲೆ ಸೇರಲಿಲ್ಲ. ಡೀಸೆಲ್‌ನೊಳಗೆ ಸೇರಿಕೊಂಡ ಅಲ್ಪಸ್ವಲ್ಪ ನೀರನ್ನು ತಡೆಯೋಕೆ ನೀರನ್ನು ದೂರ ತಳ್ಳುವ ಜಾಲರಿಯೇ ಬೇಕು.