ಅಕ್ಷರಕ್ಕೆ ತಕ್ಕ ಪಾತ್ರೆ

ನಮ್ಮ ಬಣಕಲ್ಲಿನಿಂದ ಬೇಲೂರು ಸೀಮೆಯ ಹಲ್ಮಿಡಿ ಬಲು ದೂರವೇನಲ್ಲ. ಅಲ್ಲಿ ದೊರೆತ, ಸುಮಾರು 450ರ ಕಾಲದ ಶಾಸನದಲ್ಲಿ 16 ಸಾಲುಗಳಿವೆ. ಕೊನೆಯದು ಮಾತ್ರ ಕಲ್ಲಿನ ಎಡಬದಿಗೆ ಹೊರಳಿದೆ. ಮುಂಭಾಗ ಸಾಲದೆ ಹೋಯಿತೆಂದು ನನ್ನ ಊಹೆ. ಕಂಡರಿಸಿದವನಿಗೆ ಪಕ್ಕದಲ್ಲಿ ಬರಿಯ ಕಲ್ಲಾದರೂ ಇತ್ತು. ಗಣಕಯಂತ್ರದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಪಕ್ಕದ ಜಾಗ ಬೇರೊಬ್ಬರದು.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ಸಿ ಎಂಬ ಗಣಕಭಾಷೆಯನ್ನು ರೂಪಿಸಿದರು. ಅದರಲ್ಲಿ ಕಡತದಿಂದ ಓದಿದ ಅಕ್ಷರಗಳನ್ನು ಇಳಿಸಿಕೊಳ್ಳಲು ಒಂದು ಪಾತ್ರೆ ಬೇಕು, ಅದೇ ಬಫರ್. ಅದರ ಅಳತೆಯನ್ನು ಬರೆಯುವವನೇ ಗೊತ್ತುಮಾಡಬೇಕು. ತುಂಬಿ ಹರಿದರೆ ಭಾಷೆ ಎಚ್ಚರಿಸದು. ಗೆಟ್ಸ್ ಎಂಬ ಹಳೆಯ ಆಜ್ಞೆಯಂತೂ ಅಳತೆಯನ್ನು ಕೇಳುತ್ತಲೇ ಇರಲಿಲ್ಲ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ ನುಸುಳಿದ ದಾರಿಗಳಲ್ಲಿ ಇದೂ ಒಂದು: 512 ಬೈಟಿನ ಪಾತ್ರೆಗೆ 536 ಸುರಿಯಿತು. ಮಿಕ್ಕ 24 ಪಕ್ಕದ ನೆನಪಿನ ಮೇಲೆ ಬಿದ್ದು, ಯಂತ್ರವು ಅನ್ಯರ ಆಜ್ಞೆಯನ್ನು ಪಾಲಿಸುವಂತಾಯಿತು. ಆದರೂ ಗೆಟ್ಸನ್ನು ಭಾಷೆಯ ಪ್ರಮಾಣಗ್ರಂಥದಿಂದ ಕಿತ್ತುಹಾಕಿದ್ದು 2011ರಲ್ಲಿ!

ಕನ್ನಡಿಗರ ತೊಡಕು ಇನ್ನೊಂದು ಬಗೆಯದು. 1992ರಲ್ಲಿ ಹುಟ್ಟಿದ ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಕನ್ನಡದ ಪ್ರತಿಯೊಂದು ಚಿಹ್ನೆಗೆ 3. ‘ಬಣಕಲ್’ ಎಂಬಲ್ಲಿ ಬ, ಣ, ಕ, ಲ, ಜೊತೆಗೆ ಹಲಂತದ ಗುರುತು, ಒಟ್ಟು 5 ಚಿಹ್ನೆ, 15 ಬೈಟು. ಮುಗಿಯಿತೆಂದು ಸೂಚಿಸುವ ಸೊನ್ನೆಗೆ ಇನ್ನೊಂದು. ರೋಮನ್ ಲಿಪಿಯಲ್ಲಾದರೆ 8 ಸಾಕು. ಊರುಗಳ ಪಟ್ಟಿಯನ್ನು ಓದಲು ಒಬ್ಬನು 13 ಬೈಟಿನ ಪಾತ್ರೆಯಿಟ್ಟನೆನ್ನಿ. ಅಳತೆ ಮೀರದ ಎಫ್‌ಗೆಟ್ಸ್ ಎಂಬ ಆಜ್ಞೆ 12 ಬೈಟು ತುಂಬಿ ನಿಲ್ಲುತ್ತದೆ, ಊರು ‘ಬಣಕಲ’ವಾಗುತ್ತದೆ. ಹಲಂತವು ಮುಂದಿನ ಓದಿಗೆ ಅನಾಥವಾಗಿ ಬರುತ್ತದೆ. ಪಾತ್ರೆ 12ರದ್ದಾದರೆ ಲಕಾರವೇ ನಡುವೆ ಮುರಿಯುತ್ತದೆ. ವ್ಯಾಕರಣ ಕಲಿಸುವವನಿಗೆ ಇದು ಬರಿಯ ಕಿರಿಕಿರಿ. ಪಹಣಿಯಲ್ಲಿ ಹೆಸರು ಹೀಗೆ ಮೊಟಕಾದರೆ, ಅವನೇ ತಾನೆಂದು ಸಾಧಿಸುವ ಹೊಣೆ ರೈತನ ತಲೆಗೆ ಬರುತ್ತದೆ.

ದೊಡ್ಡ ಪಾತ್ರೆಯನ್ನೇ ಇಟ್ಟರಾಗದೆ ಎನ್ನುವಿರಿ. ಅದಕ್ಕಿಂತ ಉದ್ದದ ಸಾಲೊಂದು ಎಂದಾದರೂ ಬಂದೇ ಬರುತ್ತದೆ. ಚಿಕ್ಕದರಿಂದ ತೊಡಗಿ, ಸಾಲು ಮುಗಿಯುವ ಮೊದಲೇ ತುಂಬಿದರೆ ಇಮ್ಮಡಿ ಜಾಗ ಬೇಡಿ ಓದನ್ನು ಮುಂದುವರಿಸುವುದು ಜಾಣರ ಕ್ರಮ. 2008ರ ಪಾಸಿಕ್ಸ್ ಪ್ರಮಾಣದಲ್ಲಿ ಸೇರಿದ ಗೆಟ್‌ಲೈನ್ ಎಂಬುದು ಪಾತ್ರೆಯನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಬಳಸಿದ ಮೇಲೆ ಆ ಜಾಗವನ್ನು ಹಿಂತಿರುಗಿಸುವ ಕೆಲಸ ಮಾತ್ರ ಬರೆದವನದೇ.