ಕನ್ನಡ ನಾಡಿನಲ್ಲಿ ಲಿಬರೇಟರ್: ಒಂದು ಅಮೆರಿಕನ್ ಬಾಂಬರ್ ಮತ್ತು ಅದರ ತಂಡಗಳ ಚರಿತ್ರೆ (1942–1968)

ಸಿಂಧನೂರು ಎಂದರೆ ತುಂಗಭದ್ರಾ ಎಡದಂಡೆ ನಾಲೆಯ ಭತ್ತ, ಲಿಂಗಸುಗೂರು ಎಂದರೆ ಹಟ್ಟಿಯ ಚಿನ್ನದ ಗಣಿ, ಮಸ್ಕಿ ಎಂದರೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ರಾಯಚೂರು ಸೀಮೆಯ ಈ ಊರುಗಳ ಚರಿತ್ರೆ ಬರೆಯುವಾಗ ಎರಡನೇ ಮಹಾಯುದ್ಧವನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುವುದು ರೂಢಿ. ಯುದ್ಧ ನಡೆದದ್ದು ಬರ್ಮಾದಲ್ಲಿ, ಹೋರಾಡಿದವರು ಬ್ರಿಟಿಷರು ಮತ್ತು ಅಮೆರಿಕನ್ನರು, ನಮಗೂ ಅದಕ್ಕೂ ಏನು ನಂಟು ಎಂಬ ಭಾವನೆ ಇದರ ಹಿಂದಿದೆ. ಆದರೆ ಆ ಯುದ್ಧದ ಅತಿ ದೂರಗಾಮಿ ಬಾಂಬರುಗಳಲ್ಲಿ ಒಂದಾದ ಬಿ-24 ಲಿಬರೇಟರ್ ವಿಮಾನಕ್ಕೂ ಕನ್ನಡ ನೆಲಕ್ಕೂ ಆಳವಾದ ಸಂಬಂಧವಿತ್ತು. ಅದರ ತಂಡಗಳು ಕೋಲಾರದಲ್ಲಿ ಪಳಗಿದವು. ಅಮೆರಿಕನ್ ವಿಮಾನಗಳು ಬೆಂಗಳೂರಿನಲ್ಲಿ ದುರಸ್ತಿಯಾದವು. ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದ ಲಿಬರೇಟರುಗಳು ಬೆಂಗಳೂರಿನ ಕೆಲಸಗಾರರ ಕೈಯಲ್ಲೇ ಮತ್ತೆ ಜೀವ ಪಡೆದವು. ಬಾಂಬರ್ ತಂಡದ ಯುದ್ಧಸೇವೆಯನ್ನು ನೆಲದ ಮೇಲಿನ ದುಡಿಮೆಯಿಂದ ಬೇರ್ಪಡಿಸಿ ಬರೆದರೆ ಅದು ಅರ್ಧ ಚರಿತ್ರೆಯಾಗುತ್ತದೆ ಎಂಬುದು ಈ ಲೇಖನದ ವಾದ.

ದೋಆಬಿನ ಹಿನ್ನೆಲೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ದೋಆಬ್, ಅಂದರೆ ಈ ರಾಯಚೂರು ಸೀಮೆ, ಆಗ ಹೈದರಾಬಾದ್ ಸಂಸ್ಥಾನದ ಭಾಗ. ಲಿಂಗಸುಗೂರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಹೈದರಾಬಾದ್ ಕಾಂಟಿಂಜೆಂಟ್ ಸೇನೆಯ ದಂಡು ಇತ್ತು. ಬ್ರಿಟಿಷ್ ವಾಯುಪಡೆಯೊಂದಿಗೆ ಸಂಸ್ಥಾನದ ನಂಟು ಮೊದಲ ಮಹಾಯುದ್ಧದಿಂದ ಶುರುವಾಗುತ್ತದೆ. 1918ರಲ್ಲಿ ನಿಜಾಮರು ಕೊಟ್ಟ ಡಿಎಚ್-9ಎ ಬಾಂಬರುಗಳೊಂದಿಗೆ 110ನೇ ಸ್ಕ್ವಾಡ್ರನ್ ಫ್ರಾನ್ಸಿಗೆ ಹೋಯಿತು. ಅಂದಿನಿಂದ ಅದರ ಹೆಸರಿಗೆ ‘ಹೈದರಾಬಾದ್’ ಸೇರಿತು. ಎರಡನೇ ಮಹಾಯುದ್ಧದಲ್ಲಿ 152 ಮತ್ತು 253ನೇ ಸ್ಕ್ವಾಡ್ರನ್‌ಗಳೂ ಇದೇ ಹೆಸರು ಹೊತ್ತವು. ಇವುಗಳಲ್ಲಿ 110ನೆಯದು 1942ರಲ್ಲಿ ಭಾರತಕ್ಕೆ ಬಂದು, ಅಮೆರಿಕದ ವಲ್ಟೀ ವೆಂಜನ್ಸ್ ಡೈವ್ ಬಾಂಬರುಗಳನ್ನು ಹಾರಿಸುತ್ತ ಬರ್ಮಾ ಗಡಿಯಲ್ಲಿ ಕಾದಿತು. 152ನೆಯದು 1943ರ ಕೊನೆಯಲ್ಲಿ ಸ್ಪಿಟ್‌ಫೈರುಗಳೊಂದಿಗೆ ಅದೇ ರಣರಂಗಕ್ಕೆ ಬಂತು.

ಇದೇ ಯುದ್ಧದ ನಡುವೆ, 1945ರ ಫೆಬ್ರುವರಿ 28ರಂದು, ಹೈದರಾಬಾದ್ ಕಡೆಯಿಂದ ಬೇರಾರ್ ರಾಜಕುಮಾರರೂ ಮದ್ರಾಸ್ ಕಡೆಯಿಂದ ಗವರ್ನರ್ ಆರ್ಥರ್ ಹೋಪ್ ಅವರೂ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಸಿಂಧನೂರಿನ ಬದುಕನ್ನೇ ಬದಲಿಸಿದ ಕಾಮಗಾರಿಗೂ ಬರ್ಮಾದ ಕೊನೆಯ ಹಂತದ ಕಾಳಗಕ್ಕೂ ಕಾಲ ಒಂದೇ. ಬರ್ಮಾದ ಆಕಾಶದಲ್ಲಿ ಆಗ ಎಲ್ಲಕ್ಕಿಂತ ದೂರ ಹೋಗಿಬರುತ್ತಿದ್ದ ಬಾಂಬರ್ ಲಿಬರೇಟರ್.

ವಿಮಾನ ಮತ್ತು ತಂಡ

ಸ್ಯಾನ್ ಡಿಯಾಗೊದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಈ ವಿಮಾನದ ರೆಕ್ಕೆಯ ಅಗಲ 110 ಅಡಿ. ತಲಾ 1,200 ಅಶ್ವಶಕ್ತಿಯ ನಾಲ್ಕು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳು. ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಅಮೆರಿಕದ ಬೇರೆ ಯಾವ ಸೇನಾ ವಿಮಾನವೂ ಈ ಸಂಖ್ಯೆಯನ್ನು ಮುಟ್ಟಲಿಲ್ಲ. ಅಮೆರಿಕನ್ ತಂಡದಲ್ಲಿ ಸಾಮಾನ್ಯವಾಗಿ ಹತ್ತು ಜನ: ಪೈಲಟ್, ಸಹಪೈಲಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಹಾಕುವ ಬೊಂಬಾರ್ಡಿಯರ್, ಎಂಜಿನಿಯರ್, ರೇಡಿಯೊ ಆಪರೇಟರ್ ಮತ್ತು ಗನ್ನರುಗಳು. ಮೂತಿ, ಬೆನ್ನು, ಹೊಟ್ಟೆ, ಪಕ್ಕೆ, ಬಾಲ ಎಲ್ಲೆಡೆಯೂ ಮಷಿನ್‌ಗನ್ನುಗಳು.

ಒಳಗಿನ ಸ್ಥಿತಿ ನೋಡಿದರೆ ಆ ಸೇವೆ ಎಂಥದ್ದೆಂದು ತಿಳಿಯುತ್ತದೆ. ಮುಂಭಾಗದಿಂದ ಹಿಂಭಾಗಕ್ಕೆ ಹೋಗಲು ಬಾಂಬ್ ಕೋಣೆಯ ನಡುವೆ ಸುಮಾರು ಒಂಬತ್ತು ಇಂಚು ಅಗಲದ ಒಂದು ಲೋಹದ ಪಟ್ಟಿ ಇತ್ತು. ಎರಡೂ ಬದಿಗೆ ಬಾಂಬುಗಳು, ಕೆಳಗೆ ತೆಳುವಾದ ಬಾಗಿಲು. ಬಾಗಿಲು ತೆರೆದಿದ್ದರೆ ಕಾಲ ಕೆಳಗೆ ಬಯಲೇ. ಬಾಲದ ಗನ್ನರ್ ಇಕ್ಕಟ್ಟಾದ ಗೋಪುರದೊಳಗೆ ಉಳಿದವರಿಂದ ದೂರ, ಹತ್ತು ಹನ್ನೆರಡು ಗಂಟೆ ಒಬ್ಬನೇ ಕೂರಬೇಕಿತ್ತು.

ಭಾರತದಲ್ಲಿದ್ದ ಅಮೆರಿಕದ ಲಿಬರೇಟರ್ ಪಡೆಗಳಲ್ಲಿ ಮುಖ್ಯವಾದದ್ದು ಬಂಗಾಳದ ಪಾಂಡವೇಶ್ವರದಲ್ಲಿ ನೆಲೆಸಿದ್ದ 7ನೇ ಬಾಂಬರ್ ಗ್ರೂಪ್. ರಂಗೂನಿನ ಬಂದರು, ಸಯಾಮ್ (ಇಂದಿನ ಥಾಯ್ಲೆಂಡ್)–ಬರ್ಮಾ ರೈಲುಮಾರ್ಗದ ಸೇತುವೆಗಳು ಅದರ ಗುರಿಗಳು. ಇದೇ ಗ್ರೂಪಿನ 493ನೇ ಸ್ಕ್ವಾಡ್ರನ್ 1944ರ ಡಿಸೆಂಬರ್ ಕೊನೆಯಲ್ಲಿ ರೇಡಿಯೊ ಮೂಲಕ ದಿಕ್ಕು ತಿದ್ದಬಹುದಾದ ‘ಎಜಾನ್’ ಬಾಂಬುಗಳನ್ನು ಸೇತುವೆಗಳ ಮೇಲೆ ಪ್ರಯೋಗಿಸಿತು. ಅಗತ್ಯ ಬಿದ್ದಾಗ ಇದೇ ಬಾಂಬರುಗಳು ಹಿಮಾಲಯದ ಅಂಚು ದಾಟಿ ಚೀನಾಕ್ಕೆ ಪೆಟ್ರೋಲ್ ಹೊತ್ತವು. 1943ರ ಕೊನೆಯಲ್ಲಿ ಈಸ್ಟರ್ನ್ ಏರ್ ಕಮಾಂಡ್ ರಚನೆಯಾದಾಗ ಅಮೆರಿಕನ್ ಮತ್ತು ಬ್ರಿಟಿಷ್ ಭಾರೀ ಬಾಂಬರುಗಳು ಒಂದೇ ಆಜ್ಞೆಯ ಕೆಳಗೆ ಬಂದವು.

ಕೋಲಾರದ ಪಾಠಶಾಲೆ

ಬ್ರಿಟಿಷ್ ವಾಯುಪಡೆಯೂ, ಮಿತ್ರರಾಷ್ಟ್ರಗಳಿಗೆ ಅಮೆರಿಕ ಯುದ್ಧಸಾಮಗ್ರಿ ಒದಗಿಸುತ್ತಿದ್ದ ಲೆಂಡ್–ಲೀಸ್ ಒಪ್ಪಂದದಡಿ, ಲಿಬರೇಟರುಗಳನ್ನು ಪಡೆದಿತ್ತು. ಎರಡು ಎಂಜಿನ್ನಿನ ವೆಲಿಂಗ್ಟನ್ ಹಾರಿಸಿ ರೂಢಿಯಾದವರನ್ನು ನಾಲ್ಕು ಎಂಜಿನ್ನಿನ ಈ ವಿಮಾನಕ್ಕೆ ಒಗ್ಗಿಸಬೇಕಿತ್ತು. ಆ ಕೆಲಸ ಮಾಡಿದ್ದು 1673ನೇ ಹೆವಿ ಕನ್ವರ್ಷನ್ ಯೂನಿಟ್. ಅದರ ನೆಲೆ ಕೋಲಾರ. ಇಲ್ಲಿ ಕಲಿಯಬೇಕಾದದ್ದು ಹಾರಾಟವಷ್ಟೇ ಆಗಿರಲಿಲ್ಲ. ಬಂಗಾಳ ಕೊಲ್ಲಿಯ ಮೇಲೆ ಹೋಗಿಬರುವ ಸಾವಿರಾರು ಮೈಲಿಗಳಲ್ಲಿ ಪ್ರತಿ ಗ್ಯಾಲನ್ ಇಂಧನದ ಲೆಕ್ಕ ಇಡಬೇಕಿತ್ತು. 159ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ, ಕೆನಡಾದ ಜೇಮ್ಸ್ ಬ್ಲ್ಯಾಕ್‌ಬರ್ನ್, ಎಂಜಿನ್ನಿಗೆ ಹೋಗುವ ಇಂಧನವನ್ನು ಮಿತಗೊಳಿಸಿ ಹಾರುವ ಕ್ರಮ ರೂಢಿಸಿದ ಮೇಲೆ ದೂರದ ದಾಳಿಗಳಲ್ಲಿ ಒಯ್ಯುವ ಬಾಂಬಿನ ಭಾರ ಬಹಳಷ್ಟು ಹೆಚ್ಚಿತು. 1944ರ ಅಕ್ಟೋಬರ್ ಕೊನೆಯಲ್ಲಿ ಅವರ ಸ್ಕ್ವಾಡ್ರನ್ ಸುಮಾರು 3,000 ಮೈಲಿ ಹಾರಿ ಪೆನಾಂಗ್ ಬಂದರಿನಲ್ಲಿ ಮೈನುಗಳನ್ನು ಹಾಕಿ ಮರಳಿತು.

1944ರ ನವೆಂಬರ್ 8ರಂದು ಕೋಲಾರದ ಈ ತರಬೇತಿ ಘಟಕದಿಂದಲೇ 358ನೇ ಸ್ಕ್ವಾಡ್ರನ್ ಹುಟ್ಟಿತು. 1945ರ ಜನವರಿಯಲ್ಲಿ ಅದು ಬಂಗಾಳದ ಡಿಗ್ರಿಗೆ ತೆರಳಿ, 13ರಂದು ಮಂಡಾಲೆಯ ಮೇಲೆ ಬಾಂಬ್ ಹಾಕಿತು. ಅದರ ಬಾಂಬ್ ದಾಳಿ ಅಷ್ಟಕ್ಕೇ ಮುಗಿಯಿತು. ಮುಂದೆ ಜೆಸ್ಸೋರಿನಿಂದ ಬರ್ಮಾ, ಸಯಾಮ್, ಇಂಡೋಚೀನಾ ಮತ್ತು ಮಲಯಾಗಳಿಗೆ ಗುಪ್ತಚರರನ್ನೂ ಸಾಮಗ್ರಿಯನ್ನೂ ಇಳಿಸುವುದೇ ಅದರ ಕಸುಬಾಯಿತು. 1945ರ ಮೇ 29ರಂದು ಅಮೆರಿಕದ ಒಎಸ್‌ಎಸ್ ಗುಪ್ತಚರ ಸಂಸ್ಥೆಯವರನ್ನು ಹೊತ್ತಿದ್ದ ಅದರ ಒಂದು ಲಿಬರೇಟರನ್ನು ಜಪಾನೀಯರು ಸಯಾಮಿನ ಮೇಲೆ ಹೊಡೆದುರುಳಿಸಿದರು. ಬದುಕುಳಿದವರನ್ನು ಥಾಯ್ ಭೂಗತ ಚಳವಳಿಗಾರರು ಕಾಪಾಡಿದರು. ಯುದ್ಧ ಮುಗಿದ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ, ಸ್ಕ್ವಾಡ್ರನ್ ವಿಸರ್ಜನೆಯಾಯಿತು. ಅದರ ಆಯಸ್ಸು ಒಂದು ವರ್ಷ, ಹುಟ್ಟೂರು ಕೋಲಾರ.

ಬೆಂಗಳೂರಿನ 84ನೇ ಡಿಪೊ

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಬಲವಾಗಿ ನಿಂತರು. ಅಮೆರಿಕದ ವಿಲಿಯಂ ಪಾಲಿ ತಾಂತ್ರಿಕ ನೆರವು ತಂದರು. ಹಾರ್ಲೋ ತರಬೇತಿ ವಿಮಾನ 1941ರಲ್ಲಿ, ಕರ್ಟಿಸ್ ಹಾಕ್ 1942ರಲ್ಲಿ ಇಲ್ಲಿಂದ ಹಾರಿದವು. ಆದರೆ 1942ರ ಏಪ್ರಿಲ್ ಮೊದಲ ವಾರದಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದಾಗ ಪರಿಸ್ಥಿತಿಯೇ ಬದಲಾಯಿತು. ಹೊಸ ವಿಮಾನ ಕಟ್ಟುವುದಕ್ಕಿಂತ ಇದ್ದವನ್ನು ಹಾರುವ ಸ್ಥಿತಿಯಲ್ಲಿಡುವುದು ತುರ್ತಾಯಿತು. ಶತ್ರುವಿನ ಕೈಗೆ ಸುಲಭವಾಗಿ ಎಟುಕದ ಬೆಂಗಳೂರು ಇದಕ್ಕೆ ಹೇಳಿಮಾಡಿಸಿದ ಜಾಗ.

1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಬಂದು ‘84ನೇ ಏರ್ ಡಿಪೊ’ ಎನಿಸಿಕೊಂಡಿತು. ಮೊದಲು ದುರಸ್ತಿಗೆ ಬಂದದ್ದು ನೀರಿನ ಮೇಲಿಳಿಯುವ ಕ್ಯಾಟಲೀನಾ. ಬೆಂಗಳೂರಿನ ಹೊರವಲಯದ ಬೆಳ್ಳಂದೂರು ಕೆರೆ ಅವುಗಳಿಗೆ ನಿಲ್ದಾಣವಾಯಿತು. ಆಮೇಲೆ ಭಾರತ–ಬರ್ಮಾ ರಣರಂಗದಲ್ಲಿದ್ದ ಅಮೆರಿಕನ್ ವಿಮಾನಗಳ ಎಲ್ಲ ಬಗೆಗಳೂ ಇಲ್ಲಿ ರಿಪೇರಿ ಕಂಡವು. ಅಮೆರಿಕನ್ನರು ಕಾರ್ಖಾನೆಯನ್ನು ಮರಳಿ ಒಪ್ಪಿಸುವ ಹೊತ್ತಿಗೆ ಅದು ಪೂರ್ವ ದೇಶಗಳ ಅತಿದೊಡ್ಡ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು. ಇದಕ್ಕೂ ಮುಂಚೆ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವೂ ಆರಂಭವಾಯಿತು. ರಿವೆಟ್ ಬಡಿಯುವ, ಎಂಜಿನ್ ಬಿಚ್ಚಿ ಜೋಡಿಸುವ, ಲೋಹದ ಹಾಳೆ ಬಗ್ಗಿಸುವ ಕುಶಲಿಗರ ಒಂದು ಪೀಳಿಗೆ ಯುದ್ಧದ ಒತ್ತಡದಲ್ಲಿ ಬೆಂಗಳೂರಿನಲ್ಲಿ ತಯಾರಾಯಿತು.

ಕಾನ್ಪುರದ ಗುಜರಿಯಿಂದ

ಲೆಂಡ್–ಲೀಸ್ ಷರತ್ತಿನ ಪ್ರಕಾರ ಯುದ್ಧ ಮುಗಿದ ಮೇಲೆ ವಿಮಾನಗಳನ್ನು ಅಮೆರಿಕಕ್ಕೆ ಮರಳಿಸಬೇಕು, ಇಲ್ಲವೇ ನಾಶ ಮಾಡಬೇಕು. ಬ್ರಿಟಿಷ್ ವಾಯುಪಡೆ ಕಾನ್ಪುರದ ಚಕೇರಿಯಲ್ಲಿ ಹತ್ತಿರ ಹತ್ತಿರ ನೂರು ಲಿಬರೇಟರುಗಳನ್ನು ಬಿಟ್ಟುಹೋಗುವಾಗ ಉಪಕರಣಗಳನ್ನು ಒಡೆದು, ಮೈಗೆ ತೂತು ಮಾಡಿ, ಎಂಜಿನ್ನುಗಳಿಗೆ ಮರಳು ಸುರಿದು ಹೋಯಿತು. ಸ್ವತಂತ್ರ ಭಾರತದ ವಾಯುಪಡೆಗೆ ಭಾರೀ ಬಾಂಬರ್ ಒಂದೂ ಇರಲಿಲ್ಲ. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ತಂಡ ಚಕೇರಿಗೆ ಹೋಗಿ, ಒಂದರ ಬಿಡಿಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಒಂದೇ ಒಂದು ಬಾರಿ ಹಾರಬಲ್ಲ ಮಟ್ಟಕ್ಕೆ ಅವುಗಳನ್ನು ತಂದಿತು. ಹಾರಿಸಿಕೊಂಡು ಬಂದವರು ಕಂಪನಿಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ. ಹತ್ತು ಜನರ ತಂಡ ಹಾರಿಸಬೇಕಾದ ವಿಮಾನ ಅದು. ಎಂಜಿನ್ನಿಗೆ ಖಾತರಿಯಿಲ್ಲ, ಉಪಕರಣಗಳಿಗೆ ಭರವಸೆಯಿಲ್ಲ. ಆದರೂ ಅವರು ಒಂದಾದ ಮೇಲೊಂದನ್ನು ತಂದಿಳಿಸಿದರು.

ಬೆಂಗಳೂರಿನಲ್ಲಿ ಪೂರ್ತಿ ನವೀಕರಣಗೊಂಡ ವಿಮಾನಗಳೊಂದಿಗೆ 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಆರಂಭವಾಯಿತು. ಅದು ಭಾರತದ ಮೊದಲ ಭಾರೀ ಬಾಂಬರ್ ಸ್ಕ್ವಾಡ್ರನ್. ಒಟ್ಟು ನಲವತ್ತಕ್ಕೂ ಹೆಚ್ಚು ಲಿಬರೇಟರುಗಳು ಹೀಗೆ ಮರುಹುಟ್ಟು ಪಡೆದವು. 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರ ಗಸ್ತಿಗೆ ಬಳಸಿತು. 1968ರ ಕೊನೆಯಲ್ಲಿ ಅವು ನಿವೃತ್ತಿಯಾದಾಗ ಲಿಬರೇಟರನ್ನು ಇನ್ನೂ ಸೇನೆಯಲ್ಲಿ ಹಾರಿಸುತ್ತಿದ್ದ ಕೊನೆಯ ದೇಶ ಭಾರತವೇ. ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದಲ್ಲೂ ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲೂ ಇಂದು ಕಾಣುವ ಲಿಬರೇಟರುಗಳು ಭಾರತೀಯ ವಾಯುಪಡೆಯಿಂದ ಹೋದವು.

ಸಮಾರೋಪ

ಅಮೆರಿಕನ್ನರು ತಮ್ಮ ಬಾಂಬರ್ ತಂಡಗಳ ಚರಿತ್ರೆಯನ್ನು ಹಾರಾಟದ ದಿನಚರಿ, ಪತ್ರ, ಛಾಯಾಚಿತ್ರಗಳ ಮೂಲಕ ಒಬ್ಬೊಬ್ಬರ ಹೆಸರು ಹಿಡಿದು ಕಟ್ಟಿಕೊಂಡಿದ್ದಾರೆ. ಆ ಶ್ರದ್ಧೆ ಅನುಕರಣೀಯ. ನಮ್ಮ ಕಡೆ ಅದೇ ವಿಮಾನಗಳನ್ನು ಬಿಚ್ಚಿ ಕಟ್ಟಿದ ಕೆಲಸಗಾರರ ಹೆಸರುಗಳು ಹಾಜರಿ ಪುಸ್ತಕದಿಂದ ಆಚೆಗೆ ಬರಲಿಲ್ಲ. ತಂಡವೆಂದರೆ ವಿಮಾನದೊಳಗೆ ಕೂತ ಹತ್ತು ಜನ ಎಂದು ಎಣಿಸುವ ಕ್ರಮವನ್ನು ನಾವು ಬಿಡಬೇಕು. ಕೋಲಾರದ ರನ್‌ವೇಗೆ ಮಣ್ಣು ಹೊತ್ತವರು, ಬೆಂಗಳೂರಿನ ಶೆಡ್ಡಿನಲ್ಲಿ ಪಾಳಿ ಮಾಡಿದವರು, ಗುಜರಿಯಿಂದ ಬಾಂಬರುಗಳನ್ನು ಎತ್ತಿ ನಿಲ್ಲಿಸಿದವರು ಎಲ್ಲರೂ ಆ ಲೆಕ್ಕಕ್ಕೆ ಸೇರಬೇಕು. ಕೋಲಾರ, ಬೆಂಗಳೂರಿನಂತೆಯೇ ರಾಯಚೂರು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳೂ ಯುದ್ಧಕಾಲದ ಸಂಸ್ಥಾನದ ದಾಖಲೆಗಳನ್ನು, ಹಿರಿಯರ ಮನೆಗಳಲ್ಲಿರುವ ಕಾಗದಪತ್ರಗಳನ್ನು ಈ ಕಣ್ಣಿನಿಂದ ಮತ್ತೆ ಓದಬೇಕು. ಶಾಸನ, ಗಣಿ ಮತ್ತು ನಾಲೆಯಷ್ಟೇ ಗಂಭೀರವಾಗಿ ಇಪ್ಪತ್ತನೇ ಶತಮಾನದ ಈ ದುಡಿಮೆಯನ್ನೂ ಅಧ್ಯಯನ ಮಾಡುವುದು ನಮ್ಮ ಹೊಣೆ.